ಎಡೆದೊರೆ ನಾಡಿನ ಮಾಲೂ ಘಟ್ಟದ ಬಾಗಿಲೂ

ನಮ್ಮ ಜಿಲ್ಲೆಯ ಇತಿಹಾಸವನ್ನು ಕುರಿತು ಬರೆಯತಕ್ಕವರು ಮಸ್ಕಿಯ ಅಶೋಕಶಾಸನದಿಂದ ಮೊದಲುಮಾಡಿ, ಮುದಗಲ್ಲಿನ ಕೋಟೆಯನ್ನೂ 1520ರ ರಾಯಚೂರು ಯುದ್ಧವನ್ನೂ ವರ್ಣಿಸಿ, ನಿಜಾಮರ ಆಳಿಕೆಯವರೆಗೆ ಬಂದು ಲೇಖನಿಯನ್ನು ಕೆಳಗಿಡುವುದು ವಾಡಿಕೆ. ಅದು ಇರಲಿ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿಗಾಗಿ ಅರಸರು ಅಷ್ಟೊಂದು ಬಾರಿ ಕಾದಾಡಿದುದಕ್ಕೆ ಇಲ್ಲಿಯ ಎರೆಭೂಮಿಯೂ ಅದರ ಮೇಲೆ ಬೆಳೆಯುವ ಜೋಳ ಹತ್ತಿಗಳೂ ಕಾರಣವಾಗಿದ್ದುವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಮಾಲು ಇಲ್ಲಿಂದ ಹೊರಟು ಯಾವ ಹಾದಿಯಿಂದ ಯಾವ ಬಂದರಕ್ಕೆ ಹೋಯಿತು, ಹಾದಿಯಲ್ಲಿ ಎಲ್ಲಿ ತಡೆಯಿತು, ಆ ತಡೆಯ ವೆಚ್ಚವನ್ನು ತೆತ್ತವರಾರು ಎಂಬುದನ್ನು ವಿಚಾರಿಸಿದವರು ವಿರಳ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಒಕ್ಕಲಿಗನಿಗೂ ಸಮುದ್ರಕ್ಕೂ ನಡುವೆ ನಿಂತಿರುವುದು ಸಹ್ಯಾದ್ರಿ. ಅದರ ಎರಡು ಮೂರು ಕಣಿವೆಗಳಲ್ಲಿ, ಒಟ್ಟು ಕೂಡಿಸಿದರೆ ಐವತ್ತು ಮೈಲಿ ಮೀರದ ಕಡಿದಾದ ಹಾದಿಯಲ್ಲಿ, ನಮ್ಮ ಪೇಟೆಯ ಭಾಗ್ಯವು ಬಹುಮಟ್ಟಿಗೆ ನಿರ್ಣಯವಾಗುತ್ತ ಬಂದಿತೆಂಬುದನ್ನು ಈ ಲೇಖನದಲ್ಲಿ ತೋರಿಸಲೆಳಸುತ್ತೇವೆ.

'ಘಟ್ಟ' ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ನದಿಗಿಳಿಯುವ ಕಟ್ಟೆ, ಸುಂಕ ಕೊಡುವ ಎಡೆ ಎಂಬರ್ಥಗಳುಂಟು. ಕನ್ನಡದಲ್ಲಿ ಅದು ಬೆಟ್ಟದ ಹಾದಿಗೆ ನಿಂತಿತು. ಹಳೆಯ ಪಂಡಿತರು 'ಘಟ್ಟಕುಟೀಪ್ರಭಾತ' ಎಂಬ ನ್ಯಾಯವೊಂದನ್ನು ಹೇಳುವುದುಂಟು: ಸುಂಕವನ್ನು ತಪ್ಪಿಸಬೇಕೆಂದು ವ್ಯಾಪಾರಿಯೊಬ್ಬನು ರಾತ್ರಿಯೆಲ್ಲ ಅಡ್ಡದಾರಿ ಹಿಡಿದು ಗಾಡಿ ಹೊಡೆದನಂತೆ, ಬೆಳಗಾಗಿ ನೋಡಿದರೆ ಅವನು ನಿಂತಿದ್ದುದು ಸುಂಕದ ಗುಡಿಸಲಿನ ಮುಂದೆಯೇ! ತರ್ಕಶಾಸ್ತ್ರದಲ್ಲಿ ಪ್ರತಿವಾದಿಯನ್ನು ಹಂಗಿಸಲು ಬಳಸುವ ಈ ಮಾತು ಎಡೆದೊರೆ ನಾಡಿನ ವ್ಯಾಪಾರಕ್ಕೂ ಚೆನ್ನಾಗಿ ಹೊಂದುತ್ತದೆ. ಹಾದಿಗಳು ಮೂರು ನಾಲ್ಕಾದುವು, ಘಟ್ಟವು ಮಾತ್ರ ಎಲ್ಲಿಯೂ ತಪ್ಪಲಿಲ್ಲ.

ರೈಲುಹಾದಿ ಹುಟ್ಟುವುದಕ್ಕೆ ಮುಂಚೆ ಮಾಲು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನಿನ ಮೇಲೆ. ಲಂಬಾಣಿಗರ ತಾಂಡಾಗಳು ನೂರಾರು ಎತ್ತುಗಳನ್ನು ಕಟ್ಟಿಕೊಂಡು ಧಾನ್ಯವನ್ನೂ ಹತ್ತಿಯನ್ನೂ ಘಟ್ಟದ ಕೆಳಕ್ಕೆ ಇಳಿಸಿ, ಕರಾವಳಿಯ ಉಪ್ಪನ್ನು ಮೇಲಕ್ಕೆ ಹೊತ್ತು ತರುತ್ತಿದ್ದರು. ಧಾರವಾಡ ಸೀಮೆಯ ಹತ್ತಿಯು ಅರಬೈಲು, ದೇವಿಮನೆ ಘಟ್ಟಗಳನ್ನಿಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿದ್ದುದರಿಂದ, ಆ ಜಾತಿಯ ಹತ್ತಿಗೆ ವ್ಯಾಪಾರಿಗಳ ಬಾಯಲ್ಲಿ 'ಕುಮಟಾ' ಎಂಬ ಹೆಸರೇ ನಿಂತುಹೋಯಿತು. ಬೆಳೆದ ಊರಿನ ಹೆಸರು ಅಳಿದು, ಘಟ್ಟವಿಳಿದ ಊರಿನ ಹೆಸರು ಉಳಿಯಿತು! ಮಳೆಗಾಲ ನಾಲ್ಕು ತಿಂಗಳು ಘಟ್ಟದ ಹಾದಿ ಮುಚ್ಚಿದಂತೆಯೇ. ಅಷ್ಟರಲ್ಲಿ ಇಳಿಯದಿದ್ದ ಮಾಲು ಮುಂದಿನ ಸುಗ್ಗಿಯವರೆಗೆ ಕೊಟ್ಟಿಗೆಯಲ್ಲಿ ಬಿದ್ದಿರತಕ್ಕದ್ದು.

1853ರಲ್ಲಿ ಇಂಗ್ಲಿಷರು ನಿಜಾಮನ ಸಾಲಕ್ಕಾಗಿ ತಮ್ಮ ವಶಕ್ಕೆ ತೆಗೆದುಕೊಂಡ ಪ್ರಾಂತಗಳಲ್ಲಿ ವಿದರ್ಭದೊಡನೆ ರಾಯಚೂರು ದೋಆಬವೂ ಇತ್ತು. ಎರಡೂ ಹತ್ತಿಯ ನಾಡುಗಳೆಂಬುದನ್ನು ವಾಚಕರು ಮರೆಯಬಾರದು. 1860ರಲ್ಲಿ ದೋಆಬವು ನಿಜಾಮನಿಗೆ ಹಿಂದಿರುಗಿತು. ಮರುವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧ ಹುಟ್ಟಿ, ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ದೊರೆಯದೆ, ಅಲ್ಲಿಯವರ ಕಣ್ಣು ನಮ್ಮ ಕಡೆಗೆ ಹೊರಳಿತು. ಕಾರವಾರವನ್ನು ಹತ್ತಿಯ ಬಂದರವನ್ನಾಗಿ ಮಾಡಬೇಕೆಂಬ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಒಂದು ಜಿಲ್ಲೆಯ ಆಡಳಿತವೇ ಹತ್ತಿಯ ಅಂಡಿಗೆಗಾಗಿ ಬದಲಾಯಿತೆಂದರೆ ವ್ಯಾಪಾರದ ಬಲವನ್ನು ಊಹಿಸಬಹುದು. ಆದರೆ ಕಾರವಾರಕ್ಕೆ ರೈಲು ಬರಲಿಲ್ಲ. ಆ ಕಥೆ ಇನ್ನೂ ಮುಗಿದಿಲ್ಲವಾದುದರಿಂದ ಮುಂದೆ ಹೇಳುವೆವು.

ಇಷ್ಟರಲ್ಲಿ ಉತ್ತರದಲ್ಲಿ ಬೇರೊಂದು ಬಾಗಿಲು ತೆರೆಯಿತು. ಮುಂಬಯಿಯಿಂದ ದಖ್ಖಣಕ್ಕೆ ಏರುವ ಬೋರಘಾಟದ ಹಾದಿಯನ್ನು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯವರು 1856ರಲ್ಲಿ ಆರಂಭಿಸಿ 1863ರಲ್ಲಿ ಮುಗಿಸಿದರು. ಸುಮಾರು ಹದಿನಾರು ಮೈಲಿಯ ಉದ್ದದಲ್ಲಿ 1,831 ಅಡಿ ಏರುವ ಈ ಹಾದಿಗೆ 25 ಸುರಂಗಗಳು ಬೇಕಾದುವು. ಬಲ ಬಂದ ಕಾಲಕ್ಕೆ 40 ಸಾವಿರಕ್ಕೂ ಹೆಚ್ಚು ಕೂಲಿಗಳು ಅಲ್ಲಿ ದುಡಿದರು. ಕಾಲರಾ ಮೊದಲಾದ ಬೇನೆಗಳಿಂದ ಎಷ್ಟೋ ಮಂದಿ ಅಲ್ಲಿಯೇ ಮಣ್ಣಾದರು. ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್‌ವೆಲ್ ಎಂಬಾತನು 1859ರಲ್ಲಿ ಬಂದ ಕೆಲವೇ ವಾರಗಳಲ್ಲಿ ತೀರಿಕೊಳ್ಳಲು, ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ಕೈಬಿಡದೆ, ನುರಿತ ಇಂಜಿನಿಯರರನ್ನು ನೇಮಿಸಿ ಕೆಲಸವನ್ನು ಕೊನೆಮುಟ್ಟಿಸಿದಳು. ಯೋಜನೆಯ ಮುಖ್ಯ ಇಂಜಿನಿಯರನಾದ ಜೇಮ್ಸ್ ಬರ್ಕ್‌ಲಿ ಹಾದಿ ತೆರೆಯುವ ಮುನ್ನವೇ 1862ರಲ್ಲಿ ಮೃತನಾದನು. ಹೆಸರುಳ್ಳವರ ಮಾತು ಇದು. ಹೆಸರಿಲ್ಲದ ಕೂಲಿಗಳ ಲೆಕ್ಕವನ್ನು ಯಾರೂ ಸರಿಯಾಗಿ ಬರೆದಿಡಲಿಲ್ಲ.

ಈ ಏರಿನ ಕಷ್ಟವನ್ನು ಸ್ವಲ್ಪ ವಿವರಿಸುವುದು ಉಚಿತ. ಬೋರಘಾಟದಲ್ಲಿ ಹಾದಿಯು ಅತಿ ಕಡಿದಾದೆಡೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುತ್ತದೆ. ಎತ್ತಿನ ಗಾಡಿಗೆ ಇದು ಲೆಕ್ಕಕ್ಕಿಲ್ಲದ ಏರು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುವಾಗ ಮಾತ್ರ ಹಾಗಲ್ಲ. ಸಮನೆಲದಲ್ಲಿ ಒಂದು ಟನ್ ಭಾರವನ್ನು ಉರುಳಿಸಲು ಮೂರು ನಾಲ್ಕು ಕಿಲೋ ಭಾರದಷ್ಟು ಸೆಳೆತ ಸಾಕು. ಈ ಏರಿನಲ್ಲಿ ಅದರ ಮೇಲೆ ಇನ್ನೂ 27 ಕಿಲೋ ಬೇಕು. ಎಂದರೆ, ಬಯಲಿನಲ್ಲಿ ಒಂದು ಎಂಜಿನು ಆಡುತ್ತ ಎಳೆಯುವ ಮಾಲುಗಾಡಿಗೆ ಘಟ್ಟದಲ್ಲಿ ಎಂಟರಿಂದ ಹತ್ತರಷ್ಟು ಬಲ ಬೇಕು. ಆದುದರಿಂದ ಗಾಡಿಯನ್ನು ತುಂಡುಮಾಡಬೇಕು, ಇಲ್ಲವೆ ಹಿಂದಿನಿಂದ ನೂಕುವ ಎಂಜಿನುಗಳನ್ನು ಜೋಡಿಸಬೇಕು. ಇಳಿಯುವಾಗ ಬೇರೆ ಭಯ. ಬಿರಿ ಹಿಡಿಯದೆ ಓಡಿಹೋದ ಗಾಡಿಯನ್ನು ತಡೆಯಲು ಹಾದಿಯ ಪಕ್ಕದಲ್ಲಿ ಬೆಟ್ಟದ ಮೇಲ್ಮುಖವಾಗಿ ಕವಲುಹಳಿಗಳನ್ನು ಹಾಕಿರುತ್ತಾರೆ. ಓಡಿದ ಗಾಡಿ ಅದರೊಳಗೆ ನುಗ್ಗಿ ಏರಿ ತಾನಾಗಿ ನಿಲ್ಲುತ್ತದೆ. ಬೋರಘಾಟದಲ್ಲಂತೂ ಬೆಟ್ಟದ ತಿರುವು ಸಾಲದೆ, ಗಾಡಿಯನ್ನು ಒಂದು ನಿಲ್ದಾಣದಲ್ಲಿ ಹಿಂದುಮುಂದು ಮಾಡಿ ಏರಿಸುತ್ತಿದ್ದರು. ಈ ತೊಡಕು 1929ರವರೆಗೂ ಇತ್ತು. ಇಷ್ಟನ್ನು ತಿಳಿದ ಮೇಲೆ, ಮಾಲುಗಾಡಿಯ ಭಾರವನ್ನು ನಿಶ್ಚಯಿಸುವುದು ಇನ್ನೂರು ಮೈಲಿಯ ಬಯಲಲ್ಲ, ಹದಿನಾರು ಮೈಲಿಯ ಘಟ್ಟವೆಂಬುದು ಸ್ಪಷ್ಟವಾದೀತು. 'ಸಹ್ಯ' ಎಂಬ ಪದಕ್ಕೆ ಸಹಿಸಲು ತಕ್ಕುದು ಎಂದರ್ಥ; ಎಂಜಿನಿನ ಚಾಲಕನನ್ನು ಕೇಳಿದರೆ ಆ ಹೆಸರಿಟ್ಟವನನ್ನು ಮೆಚ್ಚಲಾರನು.

ಆ ಹಾದಿ ಸೊಲ್ಲಾಪುರ, ಕಲಬುರ್ಗಿಗಳನ್ನು ಹಾದು 1871ರಲ್ಲಿ ರಾಯಚೂರಿಗೆ ಬಂದಿತು. ಅತ್ತ ಮದರಾಸು ರೈಲ್ವೆಯವರು ಅದೇ ವರ್ಷ ಗುಂತಕಲ್ಲಿನ ಕಡೆಯಿಂದ ಬಂದು ರಾಯಚೂರಿನಲ್ಲಿ ಕೂಡಿದರು. ಮುಂಬಯಿ ಮದರಾಸುಗಳು ಕೈಹಿಡಿದುದು ನಮ್ಮ ಊರಿನಲ್ಲಿ. ರಾಯಚೂರು ಹತ್ತಿಯ ಪೇಟೆಯಾಯಿತು. ಹತ್ತಿ ಅರೆಯುವ, ಒತ್ತುವ ಕಾರ್ಖಾನೆಗಳು ಎದ್ದುವು. ಪಶ್ಚಿಮಕ್ಕೆ ಕುಮಟೆಯ ಕಡೆ ಮುಖಮಾಡಿದ್ದ ನಾಡು ಪೂರ್ವಕ್ಕೆ ತಿರುಗಿ, ಪೂರ್ವದ ನಿಲ್ದಾಣದಿಂದ ಪಶ್ಚಿಮದ ಬಂದರಕ್ಕೆ ಸುತ್ತಿ ಹೋಗತೊಡಗಿತು. ಆದರೆ ಇದರ ಫಲ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ. ಲಿಂಗಸುಗೂರು ಆಗ ಬರಿಯ ತಾಲ್ಲೂಕಲ್ಲ, ಹೈದರಾಬಾದು ಕಂಟಿಂಜೆಂಟ್ ಸೈನ್ಯದ ದಂಡಿದ್ದ ಸ್ಥಳ, ಜಿಲ್ಲೆಯ ಮುಖ್ಯಸ್ಥಾನ. ಅಲ್ಲಿಂದಲೂ ಸಿಂಧನೂರಿನಿಂದಲೂ ರಾಯಚೂರಿಗೆ ಐವತ್ತು ಮೈಲಿಗೂ ಮೇಲೆ. ಹೊರೆ ತುಂಬಿದ ಜೋಡೆತ್ತಿನ ಗಾಡಿ ದಿನಕ್ಕೆ ಹತ್ತು ಹನ್ನೆರಡು ಮೈಲಿ ಹೋದೀತು. ಎರೆಮಣ್ಣಿನ ಹಾದಿ, ಮಳೆ ಬಿದ್ದರೆ ಗಾಲಿ ಗುಂಭದವರೆಗೆ ಹೂಳುವುದು. ಹೀಗೆ ನಾಲ್ಕೈದು ದಿನ ನಡೆದು ರೈಲು ಸೇರಿದ ಹತ್ತಿ, ಮುಂದೆ ಮುಂಬಯಿಗೆ ಒಂದೆರಡು ದಿನದಲ್ಲಿ ಹೋಗುತ್ತಿತ್ತು.

ಇದರ ಕ್ರೂರತೆ ತಿಳಿದುದು ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 78ರವರೆಗೆ. ಬಳ್ಳಾರಿ, ರಾಯಚೂರು, ಧಾರವಾಡ, ಕಲಾದಗಿ ಸೀಮೆಗಳೆಲ್ಲ ಒಣಗಿ ಹೋದುವು. ದೂರದ ಪ್ರಾಂತಗಳ ಧಾನ್ಯವು ರೈಲಿನ ಮೇಲೆ ರಾಯಚೂರಿಗೂ ಬಳ್ಳಾರಿಗೂ ಬಂದು ಬೀಳುತ್ತಿತ್ತು. ಅಲ್ಲಿಂದ ಒಳನಾಡಿಗೆ ಒಯ್ಯುವ ಬಗೆ ಹೇಗೆ? ಗಾಡಿ ಎಳೆಯತಕ್ಕ ಎತ್ತುಗಳೇ ಮೇವು ನೀರಿಲ್ಲದೆ ಮಡಿದಿದ್ದುವು. ಉಳಿದ ಎತ್ತಿಗೆ ಹಾದಿಯಲ್ಲಿ ತಿನ್ನಿಸಲು ಗಾಡಿಯ ಹೊರೆಯಲ್ಲಿ ಒಂದು ಪಾಲನ್ನು ಮೇವಿಗೇ ಬಿಡಬೇಕು. ನಿಲ್ದಾಣದಲ್ಲಿ ಚೀಲಗಳ ರಾಶಿ, ಐವತ್ತು ಮೈಲಿಯಾಚೆ ಹಸಿದ ಹಳ್ಳಿ. ಬರದ ಇತಿಹಾಸವನ್ನು ಓದುವವರು ಮಳೆಯ ಅಂಕಿಗಳನ್ನು ನೋಡುವಷ್ಟು ಗಾಡಿಯ ಹಾದಿಯನ್ನು ನೋಡುವುದಿಲ್ಲವೆಂಬುದು ನಮ್ಮ ಆಕ್ಷೇಪ. 1880ರ ಕ್ಷಾಮ ಮಂಡಲಿಯು ಮಾತ್ರ ಅದನ್ನು ಕಂಡಿತು. ದೇಶವನ್ನು ಬರದಿಂದ ಕಾಪಾಡಲು ಕೂಡಲೆ 5,000 ಮೈಲಿ ಹೊಸ ರೈಲುಹಾದಿ ಬೇಕೆಂದು ತಿಳಿಸಿತು.

ಆ ಶಿಫಾರಸಿನ ಫಲವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, 1880ರ ದಶಕದೊಳಗೆ ಹೊಟಗಿ, ವಿಜಾಪುರ, ಗದಗು, ಹುಬ್ಬಳ್ಳಿ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಮೀಟರ್ ಗೇಜಿನ ಹಳಿಯಿಂದ ಜೋಡಿಸಿತು. ಇದೇ ಕಾಲಕ್ಕೆ ಪಶ್ಚಿಮದ ಬಾಗಿಲೂ ತೆರೆಯಿತು, ಅದೂ ಪರರಾಜ್ಯದಲ್ಲಿ. 1878ರಲ್ಲಿ ಇಂಗ್ಲೆಂಡಿಗೂ ಪೋರ್ತುಗಾಲಿಗೂ ಆದ ಒಪ್ಪಂದದ ಮೇರೆಗೆ ಗೋವೆಯ ಮುರಗಾಂವಿನಲ್ಲಿ ಬಂದರ ಕಟ್ಟುವುದು, ಅಲ್ಲಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕಿನವರೆಗೆ ಹಳಿ ಹಾಕುವುದು ನಿಶ್ಚಯವಾಯಿತು. ಅದೇ ಒಪ್ಪಂದದಿಂದ ಗೋವೆಯ ಉಪ್ಪಿನ ತಯಾರಿಕೆ ಇಂಗ್ಲಿಷರ ಅಂಕೆಗೆ ಒಳಪಟ್ಟು, ಹೇರೆತ್ತಿನ ಮೇಲೆ ಉಪ್ಪು ತರುತ್ತಿದ್ದವರ ಬಾಳಿಗೆ ಏಟು ಬಿದ್ದಿತು. ರೈಲು 1888ರಲ್ಲಿ ಪೂರ್ಣವಾಗಿ ತೆರೆಯಿತು. ಕುಳೆಯಿಂದ ಕ್ಯಾಸಲ್‌ರಾಕಿಗೆ ಏರುವ ಸುಮಾರು ಹದಿನಾರು ಮೈಲಿ ಬ್ರಗಾಂಝಾ ಘಟ್ಟ. ಏರಿನ ಪ್ರಮಾಣ ಬೋರಘಾಟದ ಹಾಗೆಯೇ. ದೂಧಸಾಗರದ ಜಲಪಾತದ ಎದುರಿಗೇ ಹಳಿ ಹಾಯುತ್ತದೆ. ಅದನ್ನು ನೋಡಲು ಹೋಗುವವರು ಬಹಳ, ಅಲ್ಲಿ ಏದುಸಿರು ಬಿಡುವ ಮಾಲುಗಾಡಿಯನ್ನು ನೋಡುವವರು ಸ್ವಲ್ಪ.

ಬಳ್ಳಾರಿ, ರಾಯಚೂರು, ಧಾರವಾಡಗಳ ಮಾಲೆಲ್ಲ ಮುರಗಾಂವಿಗೆ ಇಳಿಯುವುದೆಂದು ಆ ಕಂಪನಿಯವರು ನಂಬಿದ್ದರು. ನಂಬಿಕೆ ಫಲಿಸಲಿಲ್ಲ. 1890ರ ಹೊತ್ತಿಗೆ ಹುಬ್ಬಳ್ಳಿಯ ಕಡೆಯ ಹಳಿ ಲೋಂಡಾ, ಬೆಳಗಾವಿ, ಮಿರಜಿನ ಮೇಲೆ ಪುಣೆಯನ್ನು ಸೇರಿತು. ಮುಂಬಯಿಯಲ್ಲಿ ಗಿರಣಿಗಳಿದ್ದುವು, ದೊಡ್ಡ ಸಾಹುಕಾರರಿದ್ದರು, ವಿಲಾಯತಿಯ ಹಡಗುಗಳು ವಾರವಾರವೂ ಬರುತ್ತಿದ್ದುವು. ಮುರಗಾಂವು ಹತ್ತಿರವಿದ್ದರೂ ಕೊಳ್ಳುವವನಿಲ್ಲದ ಬಾಗಿಲಾಯಿತು. ಕಂಪನಿಗಳು ತಮ್ಮ ತಮ್ಮ ಕಡೆಗೆ ಮಾಲನ್ನು ಸೆಳೆಯಲು ಬಾಡಿಗೆ ಇಳಿಸುವ ಪೈಪೋಟಿ ನಡೆಸಿದುವು. ಗೋವೆಯ ರೈಲ್ವೆಯ ನಷ್ಟವನ್ನು ಪೋರ್ತುಗೀಜ ಸರ್ಕಾರ ವರ್ಷವರ್ಷವೂ ತುಂಬಿಕೊಡಬೇಕಾಯಿತು. 1902ರಲ್ಲಿ ಆ ಹಾದಿಯನ್ನು ನಡೆಸುವ ಹೊಣೆ ಸದರ್ನ್ ಮರಾಠಾ ಕಂಪನಿಗೇ ಬಂದಿತು. ಇತ್ತ ಕೊಪ್ಪಳದ ಕಡೆಯಿಂದ ಹೊರಟ ಹತ್ತಿಯ ಅಂಡಿಗೆಯನ್ನು ಹೊಟಗಿಯಲ್ಲಾಗಲಿ ಪುಣೆಯಲ್ಲಾಗಲಿ ಸಣ್ಣ ಹಳಿಯ ಡಬ್ಬಿಯಿಂದ ಇಳಿಸಿ ಅಗಲ ಹಳಿಯ ಡಬ್ಬಿಗೆ ತುಂಬಬೇಕು. ದೇವರು ಮಾಡಿದ ಘಟ್ಟ ಸಾಲದೆಂದು ಮನುಷ್ಯರೂ ಒಂದನ್ನು ಮಾಡಿಟ್ಟರು. ಇಷ್ಟೆಲ್ಲ ಸುತ್ತಿ ಬೆಳಗಾದಾಗ ಮಾಲು ನಿಂತಿದ್ದುದು ಅದೇ ಬೋರಘಾಟದ ನೆತ್ತಿಯಲ್ಲಿ!

ಎಡೆದೊರೆಯ ನಡುಭಾಗಕ್ಕೆ ಎರಡು ಕಡೆಯೂ ಹಳಿ ಬಂದಿತು, ನಡುವೆ ಬರಲಿಲ್ಲ. ಪೂರ್ವಕ್ಕೆ ರಾಯಚೂರು, ದಕ್ಷಿಣಪಶ್ಚಿಮಕ್ಕೆ ಕೊಪ್ಪಳ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ಎರಡರ ಮಧ್ಯೆ. 1905ರಲ್ಲಿ ಲಿಂಗಸುಗೂರು ಜಿಲ್ಲೆಯೇ ಮುರಿದು ಹಂಚಿಹೋಯಿತು. ದಂಡೂ ಇಲ್ಲ, ಕಚೇರಿಯೂ ಇಲ್ಲ. ರೈಲಿದ್ದ ರಾಯಚೂರು ಉಳಿಯಿತು, ರೈಲಿಲ್ಲದ ಲಿಂಗಸುಗೂರು ಇಳಿಯಿತೆಂದು ಹೇಳುವುದು ತೀರ ಸರಳವಾದೀತು. ಆದರೂ ಹಳಿಯಿದ್ದಿದ್ದರೆ ಆ ಊರಿನ ಗತಿ ಬೇರೆಯಾಗುತ್ತಿತ್ತೆಂಬ ಊಹೆಗೆ ಎಡೆಯುಂಟು. ಹಟ್ಟಿಯ ಚಿನ್ನದ ಗಣಿ ಲಿಂಗಸುಗೂರಿನ ಪಕ್ಕದಲ್ಲೇ ಇದ್ದಿತಲ್ಲ ಎಂದು ಕೇಳಬಹುದು. ಚಿನ್ನಕ್ಕೆ ಮಾಲುಗಾಡಿ ಬೇಡ. ಗಣಿಯ ವರ್ಷದ ಇಳುವರಿಯೆಲ್ಲ ಒಂದೆರಡು ಗಾಡಿಯ ಹೊರೆಯನ್ನು ಮೀರದು. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಎಂಬಾತನು ಚಿನ್ನದ ಗಣಿಯ ಇಂಜಿನಿಯರನೆಂಬುದನ್ನು ಇಲ್ಲಿ ನೆನೆಯಬಹುದು. ಅಶೋಕನ ಹೆಸರುಳ್ಳ ಆ ಶಾಸನ ಲೋಕಕ್ಕೆ ತಿಳಿದುದು ಚಿನ್ನದ ನೆವದಿಂದ. ಆದರೆ ಹಳಿಯನ್ನು ತರುವ ಶಕ್ತಿ ಇರುವುದು ಅಗ್ಗವಾದ, ಭಾರವಾದ ಮಾಲಿಗೆ: ಹತ್ತಿ, ಧಾನ್ಯ, ಅದಿರು, ಕಲ್ಲಿದ್ದಲು.

ಅಂಥ ಮಾಲು ಬಳ್ಳಾರಿಯ ಕಡೆ ದೊರೆಯಿತು. ಸಂಡೂರಿನ ಮ್ಯಾಂಗನೀಸು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುರಗಾಂವಿಗೆ ಇಳಿಯತೊಡಗಿತು. ಹತ್ತಿಗೆ ಬೇಡವಾದ ಬಾಗಿಲು ಅದಿರಿಗೆ ಬೇಕಾಯಿತು. 1955ರಲ್ಲಿ ಭಾರತ ಸರ್ಕಾರವು ಗೋವೆಯೊಡನೆ ಸಂಬಂಧ ಕಡಿದಾಗ ಕ್ಯಾಸಲ್‌ರಾಕಿನಾಚೆಗೆ ಗಾಡಿ ನಿಂತು, 1961ರಲ್ಲಿ ಗೋವೆ ಬಿಡುಗಡೆಯಾದ ತರುವಾಯ ಮತ್ತೆ ನಡೆಯಿತು. 1990ರ ದಶಕದಲ್ಲಿ ಹಳಿ ಅಗಲವಾಯಿತು. ಹೊಸಪೇಟೆ ಬಳ್ಳಾರಿಗಳ ಕಬ್ಬಿಣದ ಅದಿರು ಘಟ್ಟವಿಳಿದು ವಿದೇಶಕ್ಕೆ ಹೋಗುತ್ತಿದ್ದುದು ಎಲ್ಲರ ನೆನಪಿನಲ್ಲಿದೆ. 2010ರಲ್ಲಿ ರಾಜ್ಯ ಸರ್ಕಾರ ರಫ್ತನ್ನು ತಡೆದು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದ ಮೇಲೆ ಆ ಪ್ರವಾಹ ಕುಗ್ಗಿತು.

ಕುಗ್ಗಿದ ಪ್ರವಾಹ ತಿರುಗಿ ಹರಿಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬೇಕಾದ ಕಲ್ಲಿದ್ದಲು ವಿದೇಶದಿಂದ ಮುರಗಾಂವಿಗೆ ಬಂದು, ಅಲ್ಲಿಂದ ಘಟ್ಟವನ್ನು ಏರುತ್ತದೆ. ನೂರು ವರ್ಷ ಹೊರೆ ಇಳಿಯುವುದಕ್ಕೆಂದು ಬಳಸಿದ ಹಾದಿಯಲ್ಲಿ ಹೊರೆ ಹತ್ತತೊಡಗಿತು. ಒಂದು ಮಾಲುಗಾಡಿಗೆ ಮುಂದೆ ಹಿಂದೆ ಸೇರಿ ನಾಲ್ಕೈದು ಎಂಜಿನುಗಳು ಬೇಕಾಗುತ್ತವೆ. ಒಂಟಿ ಹಳಿಯಾದುದರಿಂದ ಒಂದು ಏರುವವರೆಗೆ ಇನ್ನೊಂದು ಕಾಯತಕ್ಕದ್ದು. ಜೋಡಿ ಹಳಿ ಹಾಕುವ ಯೋಜನೆಗೆ ಗೋವೆಯ ಹಳ್ಳಿಗರು ಬಲವಾಗಿ ವಿರೋಧಿಸಿದರು. 2020ರ ನವೆಂಬರಿನಲ್ಲಿ ಚಾಂದೋರಿನಲ್ಲಿ ರಾತ್ರಿಯೆಲ್ಲ ಹಳಿಯ ಬಳಿ ನೆರೆದು ಕುಳಿತರು. ಕಲ್ಲಿದ್ದಲಿನ ಧೂಳು ತಮ್ಮ ಮನೆಗೆ, ಉಕ್ಕಿನ ಲಾಭ ಬೇರೆಯವರಿಗೆ ಎಂಬುದು ಅವರ ಅಳಲು. ಘಟ್ಟದ ಭಾಗದ ಜೋಡಿಹಳಿಗೆ ವನ್ಯಜೀವಿ ಮಂಡಲಿ ಕೊಟ್ಟಿದ್ದ ಒಪ್ಪಿಗೆಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ರದ್ದುಮಾಡಿತು. ಮೇಲೆ ಬಿಟ್ಟ ಕಾರವಾರದ ಕಥೆಯೂ ಇದೇ ಕಾಡಿನಲ್ಲಿ ಸಿಕ್ಕಿಕೊಂಡಿದೆ: 1990ರ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ ಅಂಕೋಲಾ ಹಾದಿ ಮರಗಳ ಲೆಕ್ಕ, ನ್ಯಾಯಾಲಯದ ವಿಚಾರಣೆಗಳ ನಡುವೆ ಘಟ್ಟವನ್ನಿಳಿಯದೆ ಉಳಿಯಿತು. ಬಯಲಿನವರಾದ ನಾವು ಬಾಗಿಲು ಬೇಕೆನ್ನುತ್ತೇವೆ. ಬಾಗಿಲಿನಲ್ಲಿ ವಾಸಿಸುವವರು ಬೇಡವೆನ್ನುತ್ತಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವೆನಿಸದು.

ಪೂರ್ವದಲ್ಲಿ ಮತ್ತೊಂದು ಬಾಗಿಲು ಈಚೆಗೆ ತೆರೆದಿದೆ. ಕಡಪಾ ಜಿಲ್ಲೆಯ ಕಡೆಯಿಂದ ನೆಲ್ಲೂರಿನ ಕಡಲಿಗೆ ಇಳಿಯಲು ವೆಲಿಕೊಂಡ ಬೆಟ್ಟ ಅಡ್ಡವಿತ್ತು. ಅದರಲ್ಲಿ ಆರೂವರೆ ಕಿಲೋಮೀಟರಿಗೂ ಮಿಕ್ಕ ಸುರಂಗ ಕೊರೆದು, 2019ರಲ್ಲಿ ಓಬುಲವಾರಿಪಲ್ಲಿ ವೆಂಕಟಾಚಲಂ ಹಾದಿಯನ್ನು ತೆರೆದರು. ಗುಂತಕಲ್ಲಿನಿಂದ ಕೃಷ್ಣಪಟ್ಟಣದ ಬಂದರಕ್ಕೆ ಇದರಿಂದ ದಾರಿ ಹತ್ತಿರವಾಯಿತು. ಪೂರ್ವಘಟ್ಟಗಳು ಸಹ್ಯಾದ್ರಿಯಂತೆ ಅಖಂಡವಾದ ಗೋಡೆಯಲ್ಲವಾದುದರಿಂದ ಅಲ್ಲಿ ಬೆಟ್ಟವನ್ನು ಏರದೆ ತೂರಿ ಹೋಗುವುದು ಸಾಧ್ಯವಾಯಿತು. ಎಡೆದೊರೆಯ ಮಾಲಿಗೆ ಕಡಿದಾದ ಏರಿಳಿತವಿಲ್ಲದ ಒಂದು ಕಡಲದಾರಿ ದೊರೆತಂತಾಯಿತೆಂದು ನಮ್ಮ ಎಣಿಕೆ.

ಇನ್ನು ನಮ್ಮ ಊರುಗಳ ಮಾತು. ತುಂಗಭದ್ರೆಯ ಅಣೆಕಟ್ಟಿನ ನೀರು 1953ರಿಂದ ಎಡದಂಡೆಯ ಕಾಲುವೆಯಲ್ಲಿ ಹರಿಯತೊಡಗಿ, ಜೋಳ ಹತ್ತಿಯ ಸಿಂಧನೂರು ಭತ್ತದ ಸಿಂಧನೂರಾಯಿತು. ಅಕ್ಕಿಯೆಲ್ಲ ಲಾರಿಯ ಮೇಲೆ ಹೋಯಿತು. ಗಿಣಿಗೇರಾದಿಂದ ರಾಯಚೂರಿನತ್ತ ಹೊರಡುವ ಹೊಸ ಹಾದಿ 1990ರ ದಶಕದಲ್ಲಿ ಮಂಜೂರಾಗಿ, 2019ರಲ್ಲಿ ಗಂಗಾವತಿಯನ್ನೂ, ಅನಂತರ ಕಾರಟಗಿಯನ್ನೂ, 2024ರಲ್ಲಿ ಸಿಂಧನೂರನ್ನೂ ಮುಟ್ಟಿತು. ರಾಯಚೂರಿಗೆ ರೈಲು ಬಂದ 153 ವರ್ಷಗಳ ಮೇಲೆ! ಗದಗು ವಾಡಿಗಳ ನಡುವಣ ಇನ್ನೊಂದು ಹಾದಿ 2025ರಲ್ಲಿ ಕುಷ್ಟಗಿಯವರೆಗೆ ತೆರೆದಿದೆ. ಅದು ಮುಂದೆ ಲಿಂಗಸುಗೂರನ್ನು ಹಾಯತಕ್ಕದ್ದು.

ಹಾದಿ ಬಂದ ಊರಿನಲ್ಲಿ ಜನರು ಮೊದಲು ಕೇಳುವುದು ಬೆಂಗಳೂರಿಗೆ ರಾತ್ರಿಯ ಗಾಡಿಯನ್ನು. ಮಕ್ಕಳು ಓದಲು ದೂರ ಹೋಗಿರುವ ಮನೆಗಳಲ್ಲಿ ಅದು ಸಹಜ. ಆದರೆ ಅಕ್ಕಿ ಗಿರಣಿಯವರೂ ಒಕ್ಕಲಿಗರೂ ಕೇಳತಕ್ಕದ್ದು ಬೇರೆ: ಚೀಲಗಳನ್ನು ಮಳೆಯಿಂದ ಕಾಯುವ ಮಾಲುಕೊಟ್ಟಿಗೆ, ಇಡಿಯ ಗಾಡಿಯನ್ನು ಮುಖ್ಯ ಹಳಿ ಬಿಡಿಸಿ ನಿಲ್ಲಿಸಿ ತುಂಬಲು ಸಾಲುವ ಉದ್ದದ ಪಕ್ಕದ ಹಳಿ, ರಸಗೊಬ್ಬರ ಇಳಿಸಲು ಕಟ್ಟೆ. ಇವಿಲ್ಲದಿದ್ದರೆ ಅನ್ಯರ ಕಲ್ಲಿದ್ದಲು ನಮ್ಮ ಊರಿನ ಮೇಲೆ ಹಾದುಹೋಗುವುದನ್ನು ನೋಡುತ್ತ, ನಮ್ಮ ಅಕ್ಕಿಯನ್ನು ಲಾರಿಗೇ ಹೇರುತ್ತಿರಬೇಕಾದೀತು. ಗಿಣಿಗೇರಾದಲ್ಲಿ ಹುಬ್ಬಳ್ಳಿ ಗುಂತಕಲ್ಲಿನ ಹಾದಿಗೆ ಸೇರಿದ ನಮ್ಮ ಡಬ್ಬಿ ಪಶ್ಚಿಮಕ್ಕೆ ಹೋದರೆ, ಘಟ್ಟವೇರಿ ಬಂದು ಬರಿದಾದ ಗಾಡಿಗಳ ಸಾಲಿನಲ್ಲಿ ಕ್ಯಾಸಲ್‌ರಾಕನ್ನು ಇಳಿಯಬಹುದು. ಮುಚ್ಚಿದ ಡಬ್ಬಿ ಬೇಕಾದ ಅಕ್ಕಿಗೆ ಕಲ್ಲಿದ್ದಲಿನ ತೆರೆದ ಡಬ್ಬಿ ಒಗ್ಗುವುದಿಲ್ಲವೆಂಬ ತೊಡಕು ಅಲ್ಲುಂಟು. ಪೂರ್ವಕ್ಕೆ ತಿರುಗಿದರೆ ಗುಂತಕಲ್ಲು, ವೆಲಿಕೊಂಡದ ಸುರಂಗ, ಕೃಷ್ಣಪಟ್ಟಣ. ಎರಡು ಬಾಡಿಗೆಗಳನ್ನೂ ಕಾಗದದ ಮೇಲೆ ಹೋಲಿಸಿ ನೋಡುವ ಕೆಲಸವನ್ನು ಸಿಂಧನೂರಿನ ವರ್ತಕರು ಈಗಲೇ ಆರಂಭಿಸಬೇಕು. ಲಿಂಗಸುಗೂರಿಗೆ ಹಳಿ ಬಂದು ವಾಡಿಯನ್ನು ಕೂಡಿದ ದಿನ ಅಲ್ಲಿಯ ಮಾಲಿಗೆ 1871ರ ಹಳೆಯ ಹಾದಿಯೂ ಬೋರಘಾಟವೂ ತೆರೆಯುತ್ತವೆ. ಮಸ್ಕಿ ಎರಡು ಹಾದಿಗಳ ನಡುವೆ ಉಳಿಯುತ್ತದೆ. ಅಲ್ಲಿಯವರು ಯಾವ ನಿಲ್ದಾಣದ ಬಾಡಿಗೆ ಕಡಮೆಯೋ ಅತ್ತ ಲಾರಿ ತಿರುಗಿಸುವರು.